ಬೆಂಗಳೂರಿನಿಂದ ಯುರೋಪಿಗೆ: ಯಾವ ದಾರಿಯ ಟಿಕೆಟ್ ನಿಜಕ್ಕೂ ಅಗ್ಗ?

ಯುರೋಪ್ ಪ್ರವಾಸದಲ್ಲಿ ಒಂದೇ ಏಟಿಗೆ ಕೈಬಿಟ್ಟು ಹೋಗುವ ದೊಡ್ಡ ಮೊತ್ತವೆಂದರೆ ವಿಮಾನದ ಟಿಕೆಟ್ಟಿನದು. ಹೋಟೆಲು ಹಿಡಿಸದಿದ್ದರೆ ಬೇರೆ ಹೋಟೆಲು ಹುಡುಕಬಹುದು, ಒಂದು ಹೊತ್ತಿನ ಊಟವನ್ನು ಅಂಗಡಿಯ ಬ್ರೆಡ್ಡು ಬಾಳೆಹಣ್ಣಿನಲ್ಲಿ ಮುಗಿಸಬಹುದು. ಆದರೆ ರಿಯಾಯಿತಿ ದರದ ಟಿಕೆಟ್ಟನ್ನು ಒಮ್ಮೆ ಕೊಂಡ ಮೇಲೆ ಅದನ್ನು ಬದಲಿಸಹೊರಟರೆ ಉಳಿಸಿದ್ದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ಆದ್ದರಿಂದಲೇ ಜನ ವಾರಗಟ್ಟಲೆ ದರ ನೋಡುತ್ತಾರೆ, ಮತ್ತು ಬಹುಪಾಲು ಜನ ಒಂದೇ ಅಂಕಿಯನ್ನು ನೋಡುತ್ತಾರೆ: ಪರದೆಯ ಮೇಲ್ತುದಿಯಲ್ಲಿ ಕಾಣುವ ಅತಿ ಕಡಿಮೆ ದರ. ನಾನು ಹೋಲಿಸುವುದು ಬೇರೆ ಅಂಕಿಯನ್ನು. ಮನೆಯ ಬೀಗ ಹಾಕಿ ಹೊರಟಲ್ಲಿಂದ ಮತ್ತೆ ಅದೇ ಬೀಗ ತೆರೆಯುವವರೆಗೆ, ಸಾಮಾನು, ನಿದ್ದೆ, ವೀಸಾ, ಕಳೆದುಹೋದ ದಿನ ಎಲ್ಲವನ್ನೂ ಸೇರಿಸಿ, ತಲೆಗೆ ಎಷ್ಟು ಬಿತ್ತು ಎಂಬುದು ಆ ಅಂಕಿ.

ಮಾತು ಹಿಡಿತಕ್ಕೆ ಸಿಗಲೆಂದು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ: ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು, ಅರವತ್ತೈದು ದಾಟಿದ ಅಜ್ಜಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮನೆ, ಎರಡು ವಾರಗಳ ರಜೆ, ಭಾರತದ ಪಾಸ್‌ಪೋರ್ಟು. ಇವರ ಮುಂದೆ ನಾಲ್ಕು ದಾರಿಗಳಿವೆ: ಬೆಂಗಳೂರಿನಿಂದ ನೇರ ಹಾರಾಟ, ಒಂದೇ ಟಿಕೆಟ್ಟಿನಲ್ಲಿ ಕೊಲ್ಲಿಯ ಅಥವಾ ಇನ್ನಾವುದೋ ನಗರದಲ್ಲಿ ವಿಮಾನ ಬದಲಿಸಿ ಹೋಗುವುದು, ಮುಂಬೈ ಅಥವಾ ಹೈದರಾಬಾದಿಗೆ ಹೋಗಿ ಅಲ್ಲಿಂದ ಹೊರಡುವುದು, ಕೊನೆಯದಾಗಿ, ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವುದು.

ನೇರ ಹಾರಾಟದ ಬೆಲೆ ಯಾವಾಗ ಸಾರ್ಥಕ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಯುರೋಪಿನ ಕೆಲವೇ ನಗರಗಳಿಗೆ ನೇರ ವಿಮಾನಗಳಿವೆ. ಲುಫ್ತಾನ್ಸಾ ಫ್ರಾಂಕ್‌ಫರ್ಟಿಗೆ ಬಹುಕಾಲದಿಂದ ಹಾರುತ್ತಿದ್ದು, 2023ರ ನವೆಂಬರಿನಲ್ಲಿ ಮ್ಯೂನಿಕ್ಕನ್ನೂ ಸೇರಿಸಿತು. ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಮಿಗೆ, ಏರ್ ಫ್ರಾನ್ಸ್ ಪ್ಯಾರಿಸ್ಸಿಗೆ, ಬ್ರಿಟಿಷ್ ಏರ್‌ವೇಸ್ ಲಂಡನ್ನಿಗೆ ಹೋಗುತ್ತವೆ. 2024ರ ಮಾರ್ಚ್ ಕೊನೆಯಿಂದ ವರ್ಜಿನ್ ಅಟ್ಲಾಂಟಿಕ್ ಕೂಡ ಲಂಡನ್ ದಾರಿಯಲ್ಲಿದೆ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಗಳಲ್ಲಿ, ವರ್ಷಕ್ಕೆರಡು ಸಲ, ಬದಲಾಗುವುದರಿಂದ ನಿಮ್ಮ ತಿಂಗಳಿನಲ್ಲಿ ಯಾವುದು ವಾರಕ್ಕೆಷ್ಟು ದಿನ ಹಾರುತ್ತದೆ ಎಂಬುದನ್ನು ಆಯಾ ಸಂಸ್ಥೆಯ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆಯ ಹಾರಾಟ. ಯುರೋಪಿನ ಹಲವು ವಿಮಾನಗಳು ಇಲ್ಲಿಂದ ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಬೆಳಗಿನ ತಿಂಡಿಯ ಹೊತ್ತಿಗೆ ನೀವು ಅಲ್ಲಿರುತ್ತೀರಿ. ಅಂದರೆ ಮೊದಲ ದಿನ ಪೂರ್ತಿ ಕೈಗೆ ಸಿಗುತ್ತದೆ. ಬೆಳಿಗ್ಗೆ ಬೆಂಗಳೂರು ಬಿಟ್ಟು ಕೊಲ್ಲಿಯ ಮೂಲಕ ರಾತ್ರಿ ತಲುಪಿಸುವ ಅಗ್ಗದ ಟಿಕೆಟ್ಟಿಗೆ ಈ ಕಳೆದ ದಿನವನ್ನೂ ಒಂದು ರಾತ್ರಿಯ ಹೋಟೆಲು ಬಾಡಿಗೆಯನ್ನೂ ಕೂಡಿಸಿಯೇ ಹೋಲಿಸಬೇಕು. (ಶನಿವಾರ ಮುಂಜಾನೆ 2.30ರ ವಿಮಾನವೆಂದರೆ ಶುಕ್ರವಾರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಇದನ್ನು ಬರೆಯಬೇಕಾದ ಅಗತ್ಯವಿಲ್ಲ ಅನ್ನಿಸಬಹುದು; ಶನಿವಾರ ರಾತ್ರಿ ಪೆಟ್ಟಿಗೆ ಹಿಡಿದು ಹೋದವರು ನನ್ನ ಬಂಧುಗಳಲ್ಲೇ ಇದ್ದಾರೆ.)

ಆದರೆ ನೇರ ಹಾರಾಟದ ಲಾಭವೆಲ್ಲ ನೀವು ಇಳಿಯಬೇಕಾದ ಊರು ಈ ಪಟ್ಟಿಯಲ್ಲಿದ್ದರೆ ಮಾತ್ರ. ರೋಮ್, ಪ್ರಾಗ್, ಅಥೆನ್ಸ್, ಬಾರ್ಸಿಲೋನಾಗಳಿಗೆ ಬೆಂಗಳೂರಿನಿಂದ ಹೋಗುವವರು ಎಲ್ಲೋ ಒಂದು ಕಡೆ ವಿಮಾನ ಬದಲಿಸಲೇಬೇಕು. ಆಗ ಪ್ರಶ್ನೆ ‘ನೇರವೋ ಬದಲಿಸುವುದೋ’ ಎಂಬುದಾಗಿ ಉಳಿಯದೆ ‘ಎಲ್ಲಿ ಬದಲಿಸುವುದು’ ಎಂದಾಗುತ್ತದೆ. ಯುರೋಪಿನ ನಿಲ್ದಾಣದಲ್ಲಿ ಬದಲಿಸಿದರೆ ಹತ್ತು ಗಂಟೆ ಒಂದೇ ಸಮನೆ ಕುಳಿತು, ಆಮೇಲೆ ಎರಡು ಗಂಟೆಯ ಚಿಕ್ಕ ಹಾರಾಟ. ಕೊಲ್ಲಿಯಲ್ಲಿ ಬದಲಿಸಿದರೆ ನಾಲ್ಕು ಗಂಟೆ ಮತ್ತು ಆರೇಳು ಗಂಟೆ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ, ವಲಸೆ ತಪಾಸಣೆ ನಡೆಯುವುದು ನೀವು ಮೊದಲು ಕಾಲಿಡುವ ನಿಲ್ದಾಣದಲ್ಲಿ. ಆಮ್‌ಸ್ಟರ್‌ಡ್ಯಾಮಿನ ಮೂಲಕ ರೋಮಿಗೆ ಹೋಗುವವರು ಆಮ್‌ಸ್ಟರ್‌ಡ್ಯಾಮಿನಲ್ಲೇ ಸಾಲಿನಲ್ಲಿ ನಿಲ್ಲಬೇಕು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಪ್ರಯಾಣಿಕರ ಮುಖಚಿತ್ರ ಮತ್ತು ಬೆರಳಚ್ಚಿನ ದಾಖಲೆಯೂ ಅಲ್ಲೇ ಆಗಬೇಕಾಗಿರುವುದರಿಂದ, ಒಂದು ಗಂಟೆ ಹತ್ತು ನಿಮಿಷದ ಅಂತರವಿರುವ ಟಿಕೆಟ್ಟನ್ನು ಅದು ಎಷ್ಟೇ ಅಗ್ಗವಾಗಿದ್ದರೂ ನಾನು ಕೊಳ್ಳುವುದಿಲ್ಲ. ಎರಡೂವರೆ ಗಂಟೆ ಇದ್ದರೆ ನೆಮ್ಮದಿ.

ನೇರ ಹಾರಾಟವನ್ನು ರೈಲಿನೊಂದಿಗೆ ಜೋಡಿಸುವ ಕ್ರಮವನ್ನು ನಮ್ಮವರು ಅಷ್ಟಾಗಿ ಬಳಸುವುದಿಲ್ಲ. ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್, ಪ್ಯಾರಿಸ್ಸಿನ ಷಾರ್ಲ್ ದ ಗೋಲ್, ಈ ಮೂರೂ ನಿಲ್ದಾಣಗಳಲ್ಲಿ ದೂರದ ಊರುಗಳ ರೈಲು ಅಲ್ಲಿಯೇ ಸಿಗುತ್ತದೆ. ಫ್ರಾಂಕ್‌ಫರ್ಟ್ ನಿಲ್ದಾಣದಿಂದ ಕಲೋನ್ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಹೀಗಿರುವಾಗ ಕಲೋನಿಗೆಂದೇ ಇನ್ನೊಂದು ವಿಮಾನ ಹುಡುಕುವುದು ಹಣಕ್ಕೂ ಹೊತ್ತಿಗೂ ದಂಡ.

ಕೊಲ್ಲಿಯ ದಾರಿ

ದುಬೈ ಮೂಲಕ ಎಮಿರೇಟ್ಸ್, ಅಬುಧಾಬಿ ಮೂಲಕ ಎತಿಹಾದ್, ದೋಹಾ ಮೂಲಕ ಕತಾರ್ ಏರ್‌ವೇಸ್: ಕರ್ನಾಟಕದಿಂದ ಯುರೋಪಿಗೆ ಹೋಗುವ ಕುಟುಂಬಗಳ ಹೆದ್ದಾರಿ ಇದು. ಈ ಸಂಸ್ಥೆಗಳು ಯುರೋಪಿನ ಹತ್ತಾರು ಊರುಗಳಿಗೆ ಹಾರುವುದರಿಂದ, ಒಂದು ಊರಿನಲ್ಲಿ ಇಳಿದು ಇನ್ನೊಂದು ಊರಿನಿಂದ ಮರಳುವ ಟಿಕೆಟ್ ಸಲೀಸಾಗಿ ಸಿಗುತ್ತದೆ. ಪ್ಯಾರಿಸ್ಸಿನಲ್ಲಿ ಇಳಿದು ಸ್ವಿಟ್ಜರ್ಲೆಂಡ್ ನೋಡಿಕೊಂಡು ರೋಮಿನಿಂದ ಹಿಂತಿರುಗುವವರು ಪ್ಯಾರಿಸ್ಸಿಗೇ ಹೋಗಿಬರುವ ಟಿಕೆಟ್ ಮಾಡಿಸಿದರೆ, ಕೊನೆಯಲ್ಲಿ ರೋಮಿನಿಂದ ಪ್ಯಾರಿಸ್ಸಿಗೆ ವಾಪಸಾಗುವ ಖರ್ಚೂ ಒಂದು ದಿನವೂ ಹೋಗುತ್ತದೆ. ಹುಡುಕುವಾಗ ‘ಮಲ್ಟಿ ಸಿಟಿ’ ಎಂಬ ಆಯ್ಕೆಯನ್ನು ಒತ್ತಿ, ಬೆಂಗಳೂರು–ಪ್ಯಾರಿಸ್, ರೋಮ್–ಬೆಂಗಳೂರು ಎಂದು ಬರೆದರೆ ಸಾಕು. ಇದರ ದರ ಅನೇಕ ಸಲ ಮಾಮೂಲಿ ಹೋಗಿಬರುವ ಟಿಕೆಟ್ಟಿನ ಆಸುಪಾಸಿನಲ್ಲೇ ಇರುತ್ತದೆ. ಎರಡು ಏಕಮುಖ ಟಿಕೆಟ್‌ಗಳನ್ನು ಬೇರೆಬೇರೆಯಾಗಿ ಕೊಳ್ಳುವುದು ಮಾತ್ರ ಈ ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ದುಬಾರಿ.

ಒಂದೇ ಟಿಕೆಟ್ಟಿನಲ್ಲಿ ಹೋಗುವವರು ಕೊಲ್ಲಿಯ ನಿಲ್ದಾಣದ ಒಳಗೇ ಇದ್ದು ವಿಮಾನ ಬದಲಿಸುವುದಕ್ಕೆ ಅಲ್ಲಿನ ವೀಸಾ ಬೇಕಿಲ್ಲ, ಬೆಂಗಳೂರಿನಲ್ಲಿ ಕೊಟ್ಟ ಪೆಟ್ಟಿಗೆ ನೇರವಾಗಿ ಯುರೋಪಿನಲ್ಲಿ ಕೈಸೇರುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಸಂಸ್ಥೆಯದು. ಅಜ್ಜಿಗೆ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ, ತಪ್ಪಿದರೆ ಹೊರಡುವ 48 ಗಂಟೆ ಮೊದಲಾದರೂ, ಕೇಳಿಕೊಳ್ಳಬೇಕು, ಅದಕ್ಕೆ ಹಣವಿಲ್ಲ. ಕೊಲ್ಲಿಯ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವ ದೂರ ನೆನೆದರೆ, ಮಂಡಿನೋವಿನವರಿಗೆ ಈ ಸೌಲಭ್ಯವೊಂದೇ ದರದ ವ್ಯತ್ಯಾಸಕ್ಕೆ ಸಮ. ಎಲ್ಲರಿಗೂ ಶಾಕಾಹಾರ ಬೇಕಿದ್ದರೆ ‘ಏಷ್ಯನ್ ವೆಜಿಟೇರಿಯನ್’ ಊಟವನ್ನು ಒಂದು ದಿನ ಮೊದಲೇ ಬುಕಿಂಗಿಗೆ ಸೇರಿಸಿಡುವುದು ಲೇಸು. ಹಾಗೆಯೇ, ಅಡುಗೆಸಾಮಾನಿನ ಡಬ್ಬಿಯಲ್ಲಿ ಗಸಗಸೆ ಇದ್ದರೆ ಮನೆಯಲ್ಲೇ ಬಿಟ್ಟು ಹೊರಡಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ನಿಷಿದ್ಧ ವಸ್ತು, ಬರೀ ವಿಮಾನ ಬದಲಿಸಲು ಇಳಿದವರಿಗೂ ತೊಂದರೆಯಾದ ಪ್ರಸಂಗಗಳಿವೆ.

ಈ ದಾರಿಗೆ ಮೂರು ಅಡ್ಡಿಗಳುಂಟು. ಮೊದಲನೆಯದು ನಡುವಿನ ಕಾಯುವಿಕೆ. ಅತಿ ಅಗ್ಗದ ದರ ಅನೇಕ ಸಲ ಒಂಬತ್ತು, ಹನ್ನೆರಡು ಗಂಟೆ ಕಾಯಿಸುವ ಜೋಡಣೆಯದಾಗಿರುತ್ತದೆ. ಎಮಿರೇಟ್ಸಿನ ‘ದುಬೈ ಕನೆಕ್ಟ್’ನಂಥ ಯೋಜನೆಯಲ್ಲಿ ದೀರ್ಘ ಕಾಯುವಿಕೆಗೆ ಹೋಟೆಲು ಕೊಡುವುದುಂಟು, ಆದರೆ ಬೇಗ ಹೋಗುವ ಜೋಡಣೆ ಇದ್ದೂ ಅಗ್ಗವೆಂದು ನೀವೇ ತಡವಾದದ್ದನ್ನು ಆರಿಸಿಕೊಂಡಿದ್ದರೆ ಅದು ಸಿಗುವುದಿಲ್ಲ. ಎರಡು ಗಂಟೆಯಿಂದ ನಾಲ್ಕು ಗಂಟೆಯೊಳಗಿನ ಕಾಯುವಿಕೆಯನ್ನೇ ಹುಡುಕಿ. ಎರಡನೆಯದು ದರದೊಳಗಿನ ದರ್ಜೆಗಳು: ಒಂದೇ ವಿಮಾನದ ಒಂದೇ ಸಾಲಿನ ಆಸನಕ್ಕೆ ಮೂರು ನಾಲ್ಕು ಹೆಸರಿನ ದರಗಳಿರುತ್ತವೆ, ಅವುಗಳಲ್ಲಿ ಅತಿ ಅಗ್ಗದ್ದಕ್ಕೆ ಲಗೇಜು ಕಡಿಮೆ, ಆಸನ ಆರಿಸಲು ಹಣ, ರದ್ದು ಮಾಡಿದರೆ ಬಹುಪಾಲು ನಷ್ಟ. ನಾಲ್ಕು ಜನ ಒಟ್ಟಿಗೆ ಕೂರಬೇಕೆಂದಾದರೆ ಆಸನದ ಹಣವನ್ನು ಹೋಗುವಾಗ ಎರಡು, ಬರುವಾಗ ಎರಡು, ಒಟ್ಟು ನಾಲ್ಕು ಹಾರಾಟಗಳಿಗೂ ಕೊಡಬೇಕು ಎಂಬುದು ಹಣ ಪಾವತಿಸುವ ಪುಟ ಬರುವವರೆಗೂ ತಿಳಿಯುವುದಿಲ್ಲ.

ಮೂರನೆಯದು ಆ ಪ್ರದೇಶದ ರಾಜಕೀಯ. 2025ರ ಜೂನ್ 23ರ ಸಂಜೆ ಕತಾರ್ ತನ್ನ ವಾಯುಮಾರ್ಗವನ್ನು ಕೆಲವು ಗಂಟೆಗಳ ಕಾಲ ಮುಚ್ಚಿದಾಗ ದೋಹಾದ ಕಡೆ ಬರುತ್ತಿದ್ದ ವಿಮಾನಗಳು ಬೇರೆ ನಿಲ್ದಾಣಗಳಿಗೆ ತಿರುಗಬೇಕಾಯಿತು, ಮುಂದಿನ ಜೋಡಣೆಗಳೆಲ್ಲ ಕಳಚಿಕೊಂಡವು. ಇಂಥ ಅಪಾಯವನ್ನು ದರದಲ್ಲಿ ಅಳೆಯಲಾಗದು. ಟಿಕೆಟ್ ಕೊಳ್ಳುವ ವಾರದಲ್ಲಿ ಅಲ್ಲಿನ ಸ್ಥಿತಿಗತಿ ನೋಡಿ, ವಾತಾವರಣ ಬಿಸಿಯಾಗಿದ್ದರೆ ದಿನಾಂಕ ಬದಲಿಸಲು ಅವಕಾಶವಿರುವ ದರ್ಜೆಯನ್ನು ಕೊಳ್ಳುವುದೊಂದೇ ಉಪಾಯ.

ಕೊಲ್ಲಿಯನ್ನು ಬಿಟ್ಟು ಕೊಲಂಬೊ ಮೂಲಕ ಹೋಗುವ ದಾರಿಯೂ ಇದೆ. ಶ್ರೀಲಂಕನ್ ಏರ್‌ಲೈನ್ಸ್ ಅಲ್ಲಿಂದ ಲಂಡನ್ ಮತ್ತು ಪ್ಯಾರಿಸ್ಸಿಗೆ ಹಾರುತ್ತದೆ. ಪಶ್ಚಿಮಕ್ಕೆ ಹೋಗಬೇಕಾದವರು ದಕ್ಷಿಣಕ್ಕೆ ಹೋಗುವುದು ವಿಚಿತ್ರವೆನಿಸಿದರೂ, ಉಳಿದೆಲ್ಲ ದರಗಳು ಏರಿರುವ ತಿಂಗಳಿನಲ್ಲಿ ಇದನ್ನೊಮ್ಮೆ ನೋಡಿದರೆ ನಷ್ಟವಿಲ್ಲ.

ಬೇರೆ ಊರಿನಿಂದ ಹೊರಡುವುದು

ಕರ್ನಾಟಕದವರೆಲ್ಲರ ನಿಲ್ದಾಣ ಬೆಂಗಳೂರೇ ಆಗಬೇಕಾಗಿಲ್ಲ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಅಲ್ಲಿಂದ ಬ್ರಿಟಿಷ್ ಏರ್‌ವೇಸಿನ ಲಂಡನ್ ವಿಮಾನವಿದೆ, 2024ರ ಜನವರಿಯಲ್ಲಿ ಲುಫ್ತಾನ್ಸಾ ಫ್ರಾಂಕ್‌ಫರ್ಟಿಗೆ, 2025ರ ಸೆಪ್ಟೆಂಬರಿನಲ್ಲಿ ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಮಿಗೆ ನೇರ ಹಾರಾಟ ಆರಂಭಿಸಿದವು. ಬೆಳಗಾವಿ, ವಿಜಯಪುರ, ಹುಬ್ಬಳ್ಳಿಯ ಕಡೆಯವರು ಮುಂಬೈ ದರವನ್ನು ನೋಡದೆ ಬೆಂಗಳೂರಿಗೆ ಬರಬಾರದು, ಏಕೆಂದರೆ ಅಲ್ಲಿ ಪೈಪೋಟಿ ಹೆಚ್ಚು, ಬೆಂಗಳೂರಿಗೆ ಬಾರದ ಟರ್ಕಿಶ್ ಏರ್‌ಲೈನ್ಸಿನಂಥ ಸಂಸ್ಥೆಗಳೂ ಅಲ್ಲಿವೆ. 2025ರ ಜುಲೈಯಲ್ಲಿ ಇಂಡಿಗೊ ತನ್ನ ಮೊದಲ ದೀರ್ಘ ಹಾರಾಟಗಳನ್ನು ಆಮ್‌ಸ್ಟರ್‌ಡ್ಯಾಮ್ ಮತ್ತು ಮ್ಯಾಂಚೆಸ್ಟರುಗಳಿಗೆ ಆರಂಭಿಸಿದ್ದೂ ಮುಂಬೈಯಿಂದಲೇ.

ಬೆಂಗಳೂರಿನವರಿಗೇ ಈ ಸುತ್ತು ಲಾಭವೇ ಎಂದರೆ, ಬಹಳ ಮಟ್ಟಿಗೆ ಇಲ್ಲ. ಮುಂಬೈಗೆ ಹೋಗಿಬರುವ ನಾಲ್ಕು ಜನರ ದರ, ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವ ಹದಿನೈದು ಕಿಲೋ ಲಗೇಜಿನ ಮಿತಿ ಮತ್ತು ಅದನ್ನು ಮೀರಿದ್ದಕ್ಕೆ ತೆರುವ ಹಣ, ನಡುವೆ ಕಳೆಯುವ ಆರೇಳು ಗಂಟೆ, ಇವೆಲ್ಲ ಕೂಡಿದರೆ ತಲೆಗೆ ಹದಿನೈದು ಸಾವಿರ ರೂಪಾಯಿಗಿಂತ ಕಡಿಮೆ ವ್ಯತ್ಯಾಸವಿರುವ ದರಕ್ಕೆ ನಾನು ಈ ಗೋಜಿಗೆ ಹೋಗುವುದಿಲ್ಲ. ಇದರ ಮೇಲೆ 2025ರ ಡಿಸೆಂಬರ್ 25ರಿಂದ ನವಿ ಮುಂಬೈಯ ಹೊಸ ನಿಲ್ದಾಣವೂ ಕೆಲಸ ಆರಂಭಿಸಿದೆ. ದೇಶದೊಳಗಿನ ವಿಮಾನ ಅಲ್ಲಿ ಇಳಿದು, ವಿದೇಶದ ವಿಮಾನ ಹಳೆಯ ನಿಲ್ದಾಣದಿಂದ ಹೊರಡುವಂತಿದ್ದರೆ, ನಡುವೆ ಮುಂಬೈಯ ರಸ್ತೆ ಇದೆ ಎಂಬುದನ್ನು ಮರೆಯಬಾರದು. ದೆಹಲಿಯ ಮೂಲಕ ಹೋಗುವವರಿಗೆ ಇನ್ನೊಂದು ಮಾತು: 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನಯಾನ ಸಂಸ್ಥೆಗಳಿಗೆ ಮುಚ್ಚಿದ ಮೇಲೆ ಅಲ್ಲಿಂದ ಯುರೋಪಿಗೆ ಹೋಗುವ ಏರ್ ಇಂಡಿಯಾ ವಿಮಾನಗಳು ಬಳಸು ದಾರಿ ಹಿಡಿದು ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದವು. ಮರಳುವಾಗ, ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನ್ಯವಾಗಿ ಪೆಟ್ಟಿಗೆ ಬಿಡಿಸಿಕೊಂಡು ಕಸ್ಟಮ್ಸ್ ದಾಟಿ, ಬೆಂಗಳೂರಿನ ವಿಮಾನಕ್ಕೆ ಮತ್ತೆ ಕೊಡಬೇಕಾಗುತ್ತದೆ. ಒಂದೇ ಟಿಕೆಟ್ ಇದ್ದರೂ ಈ ಕೆಲಸ ತಪ್ಪುವುದು ಅಪರೂಪ.

ಎರಡು ಟಿಕೆಟ್‌ಗಳನ್ನು ತಾವೇ ಜೋಡಿಸಿಕೊಳ್ಳುವುದು

ಪರದೆಯ ಮೇಲಿನ ಅತಿ ಕಡಿಮೆ ದರ ಅನೇಕ ಸಲ ಇದೇ ಆಗಿರುತ್ತದೆ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಕೊಲ್ಲಿಯ ಒಂದು ನಗರಕ್ಕೆ ಅಗ್ಗದ ಸಂಸ್ಥೆಯ ಟಿಕೆಟ್, ಅಲ್ಲಿಂದ ಯುರೋಪಿಗೆ ಇನ್ನೊಂದು ಅಗ್ಗದ ಸಂಸ್ಥೆಯದು. ಜಾಲತಾಣಗಳು ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸಿ, ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತವೆ. ಆ ಚಿಕ್ಕ ಅಕ್ಷರದ ಅರ್ಥ ದೊಡ್ಡದು. ಮೊದಲ ಸಂಸ್ಥೆಗೆ ನಿಮ್ಮ ಎರಡನೆಯ ಟಿಕೆಟ್ ಇರುವುದೇ ಗೊತ್ತಿಲ್ಲ. ಅದು ತಡವಾಗಿ ಬಂದರೆ ಎರಡನೆಯ ವಿಮಾನ ನಿಮ್ಮನ್ನು ಬಿಟ್ಟು ಹೋಗುತ್ತದೆ, ಹಣವೂ ಹೋಗುತ್ತದೆ. ಹೋಗಿಬರುವ ಟಿಕೆಟ್ಟಾಗಿದ್ದರೆ ಮೊದಲ ಹಾರಾಟಕ್ಕೆ ಬಾರದವರ ಮರಳುವ ಹಾರಾಟವೂ ಸಾಮಾನ್ಯವಾಗಿ ರದ್ದಾಗುತ್ತದೆ.

ಪೆಟ್ಟಿಗೆಯ ವಿಷಯ ಇನ್ನೂ ತೊಡಕಿನದು. ಮೊದಲ ಸಂಸ್ಥೆ ಪೆಟ್ಟಿಗೆಯನ್ನು ತನ್ನ ಕೊನೆಯ ನಿಲ್ದಾಣದ ಪಟ್ಟೆಯ ಮೇಲೆ ಬಿಡುತ್ತದೆ. ಅದನ್ನು ಎತ್ತಿಕೊಳ್ಳಲು ನೀವು ವಲಸೆ ತಪಾಸಣೆ ದಾಟಿ ಆ ದೇಶದೊಳಗೆ ಕಾಲಿಡಬೇಕು, ಅಂದರೆ ಆ ದೇಶದ ವೀಸಾ ಬೇಕು. ನಾಲ್ಕು ಜನರ ವೀಸಾ ಶುಲ್ಕ, ಎರಡೂ ಸಂಸ್ಥೆಗಳಿಗೆ ಬೇರೆಬೇರೆಯಾಗಿ ಲಗೇಜಿನ ಹಣ, ತಡವಾದರೆ ಇರಲೆಂದು ಇಟ್ಟುಕೊಂಡ ಏಳೆಂಟು ಗಂಟೆಯ ಅಂತರದಲ್ಲಿ ನಿಲ್ದಾಣದ ಬೆಲೆಯ ಊಟ, ಇಷ್ಟನ್ನು ಕೂಡಿಸಿ ನೋಡಿ. ಕೆಲವು ವರ್ಷಗಳ ಹಿಂದೆ ನಾನೇ ಹೀಗೆ ಜೋಡಿಸಿಕೊಂಡು ಹೊರಟಿದ್ದೆ. ನಡುವೆ ಐದು ಗಂಟೆಯ ಅಂತರವಿಟ್ಟಿದ್ದೇನೆಂಬ ಧೈರ್ಯವಿತ್ತು. ಮೊದಲ ವಿಮಾನ ನಾಲ್ಕು ಗಂಟೆ ತಡವಾಯಿತು, ಪೆಟ್ಟಿಗೆ ಬರುವ ಹೊತ್ತಿಗೆ ಎರಡನೆಯದರ ಕೌಂಟರು ಮುಚ್ಚಿತ್ತು. ಅಂದು ಕೌಂಟರಿನಲ್ಲಿ ಕೊಂಡ ಏಕಮುಖ ಟಿಕೆಟ್ಟಿನ ಬೆಲೆ, ಮೊದಲೇ ಕೊಳ್ಳಬಹುದಾಗಿದ್ದ ಹೋಗಿಬರುವ ಟಿಕೆಟ್ಟಿಗಿಂತ ಹೆಚ್ಚಾಗಿತ್ತು.

ಅಗ್ಗದ ಸಂಸ್ಥೆ ಆ ದಾರಿಯಿಂದಲೇ ಸರಿದುಹೋಗುವ ಸಾಧ್ಯತೆಯೂ ಉಂಟು. ಅಬುಧಾಬಿಯಿಂದ ಯುರೋಪಿನ ಕಡೆ ಹಾರುತ್ತಿದ್ದ ವಿಜ್ ಏರ್ ಸಂಸ್ಥೆಯ ಅಲ್ಲಿನ ಘಟಕ 2025ರ ಸೆಪ್ಟೆಂಬರ್ 1ರಿಂದ ಹಾರಾಟ ನಿಲ್ಲಿಸಿತು. ಬೆಂಗಳೂರಿನವರಿಗೆ ಇದು ಹೊಸ ಪಾಠವೇನಲ್ಲ: 2008ರಲ್ಲಿ ಇಲ್ಲಿಂದಲೇ ಲಂಡನ್ನಿಗೆ ಹಾರಾಟ ಆರಂಭಿಸಿದ್ದ ಕಿಂಗ್‌ಫಿಷರ್ 2012ರಲ್ಲಿ ರೆಕ್ಕೆ ಮಡಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದೇ ಬುಕಿಂಗಿನ ಅರ್ಧ ಮುರಿದರೆ ಉಳಿದರ್ಧಕ್ಕೂ ಹೊಣೆಗಾರರಿರುತ್ತಾರೆ. ಎರಡು ಬುಕಿಂಗಿನಲ್ಲಿ ಒಂದು ಮುರಿದರೆ ಉಳಿದ ಟಿಕೆಟ್ ನಿಮ್ಮ ತಲೆಯ ಮೇಲೆ.

ಹಾಗಾದರೆ ಈ ದಾರಿ ಯಾರಿಗೂ ಬೇಡವೇ? ಬೆನ್ನಿಗೊಂದು ಏಳು ಕಿಲೋದ ಚೀಲ ಹಾಕಿಕೊಂಡು ಒಬ್ಬರೇ ಹೊರಡುವ, ದುಬೈಯಲ್ಲಿ ಎರಡು ದಿನ ನೆಂಟರ ಮನೆಯಲ್ಲಿ ಉಳಿದು ಮುಂದೆ ಹೋಗುವ ಯೋಚನೆಯಿರುವವರಿಗೆ ಇದು ನಿಜಕ್ಕೂ ಅಗ್ಗ. ಕರಾವಳಿಯ ಎಷ್ಟೋ ಮನೆಗಳವರಿಗೆ ಅಲ್ಲಿ ನೆಂಟರಿರುವುದರಿಂದ, ಮಂಗಳೂರು–ದುಬೈ ಒಂದು ಪ್ರವಾಸ, ದುಬೈ–ಯುರೋಪ್ ಇನ್ನೊಂದು ಪ್ರವಾಸ ಎಂದು ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಇದೇ ದಾರಿಯಲ್ಲಿ ಸ್ವಲ್ಪ ಸುರಕ್ಷಿತವಾದ ಒಂದು ಪರ್ಯಾಯವೆಂದರೆ ಏರ್ ಅರೇಬಿಯಾದಂಥ ಅಗ್ಗದ ಸಂಸ್ಥೆಯಲ್ಲಿ ಶಾರ್ಜಾ ಮೂಲಕ ಒಂದೇ ಟಿಕೆಟ್ಟಿನಲ್ಲಿ ಹೋಗುವುದು. ಮಿಲಾನಿಗೆ ಎಂದು ತೋರಿಸಿದರೂ ಅದು ಇಳಿಯುವುದು ಬೆರ್ಗಾಮೊ ನಿಲ್ದಾಣದಲ್ಲಿ, ನಗರಕ್ಕೆ ಅಲ್ಲಿಂದ ಬಸ್ಸು ಹಿಡಿಯಬೇಕು.

ತಡವಾದರೆ ಯಾರು ಕೊಡುತ್ತಾರೆ

ದರಗಳನ್ನು ಹೋಲಿಸುವಾಗ ಯಾರೂ ನೋಡದ ಒಂದು ವ್ಯತ್ಯಾಸ ಇಲ್ಲಿದೆ. ಯುರೋಪ್ ಒಕ್ಕೂಟದ 2004ರ 261ನೆಯ ಸಂಖ್ಯೆಯ ನಿಯಮದ ಪ್ರಕಾರ, 3,500 ಕಿಲೋಮೀಟರಿಗಿಂತ ದೂರದ ಪ್ರಯಾಣದಲ್ಲಿ ಸಂಸ್ಥೆಯ ತಪ್ಪಿನಿಂದ ಬಹಳ ತಡವಾದರೆ ತಲೆಗೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಕೆಟ್ಟ ಹವಾಮಾನ, ವಾಯುಮಾರ್ಗ ಮುಚ್ಚುಗಡೆಯಂಥ ಕಾರಣಗಳಿಗೆ ಇದು ಅನ್ವಯಿಸದು. ಒಕ್ಕೂಟದ ನಿಲ್ದಾಣದಿಂದ ಹೊರಡುವ ಎಲ್ಲ ಸಂಸ್ಥೆಗಳ ವಿಮಾನಗಳಿಗೂ ಈ ನಿಯಮವಿದೆ, ಆದರೆ ಹೊರಗಿನಿಂದ ಬರುವ ವಿಮಾನಗಳಲ್ಲಿ ಒಕ್ಕೂಟದ ಸಂಸ್ಥೆಗಳವಕ್ಕೆ ಮಾತ್ರ. ಹಾಗಾಗಿ ಬೆಂಗಳೂರಿನಿಂದ ಲುಫ್ತಾನ್ಸಾ, ಕೆಎಲ್‌ಎಂ, ಏರ್ ಫ್ರಾನ್ಸಿನಲ್ಲಿ ಹೋದವರಿಗೆ ಹೋಗುವಾಗಲೂ ಬರುವಾಗಲೂ ರಕ್ಷಣೆಯಿದೆ, ಕೊಲ್ಲಿಯ ಸಂಸ್ಥೆಯಲ್ಲಿ ಹೋದವರಿಗೆ ಮರಳುವಾಗ ಮಾತ್ರ. ಮರಳುವ ಪ್ರಯಾಣ ಒಂದೇ ಬುಕಿಂಗಿನದಾಗಿದ್ದರೆ ಬೆಂಗಳೂರು ತಲುಪಿದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ದರದಲ್ಲಿ ಎರಡು ಮೂರು ಸಾವಿರದ ಅಂತರವಷ್ಟೇ ಇದ್ದಾಗ ನಾನು ಯುರೋಪಿನ ಸಂಸ್ಥೆಯ ಕಡೆ ವಾಲಲು ಇದೂ ಒಂದು ಕಾರಣ.

ಹುಡುಕುವ ಕ್ರಮ, ಕೊಳ್ಳುವ ಕ್ರಮ

ಮಂಗಳವಾರ ಮಧ್ಯರಾತ್ರಿ ಟಿಕೆಟ್ ಅಗ್ಗ, ಬ್ರೌಸರಿನ ಗುಪ್ತ ಕಿಟಕಿಯಲ್ಲಿ ನೋಡಿದರೆ ದರ ಇಳಿಯುತ್ತದೆ ಎಂಬ ಮಾತುಗಳನ್ನು ನಂಬಿ ನಿದ್ದೆಗೆಡಬೇಡಿ. ದರ ನಿಂತಿರುವುದು ಬೇರೆಯದರ ಮೇಲೆ. ಒಂದೇ ಕ್ಯಾಬಿನ್ನಿನ ಆಸನಗಳನ್ನು ಸಂಸ್ಥೆಗಳು ಹತ್ತಾರು ಬುಕಿಂಗ್ ದರ್ಜೆಗಳಾಗಿ ವಿಂಗಡಿಸಿ, ಪ್ರತಿ ದರ್ಜೆಗೆ ಇಂತಿಷ್ಟು ಆಸನವೆಂದು ಇಟ್ಟಿರುತ್ತವೆ. ಅಗ್ಗದ ದರ್ಜೆ ಖಾಲಿಯಾದಂತೆ ಮೇಲಿನದು ತೆರೆದುಕೊಳ್ಳುತ್ತದೆ. ನಾಲ್ಕು ಜನರಿಗೆಂದು ಹುಡುಕಿದಾಗ ಅಗ್ಗದ ದರ್ಜೆಯಲ್ಲಿ ಮೂರೇ ಆಸನ ಉಳಿದಿದ್ದರೆ, ಬಹಳಷ್ಟು ವ್ಯವಸ್ಥೆಗಳು ನಾಲ್ವರಿಗೂ ಮೇಲಿನ ದರ್ಜೆಯ ದರವನ್ನೇ ತೋರಿಸುತ್ತವೆ. ಆದ್ದರಿಂದ ಒಬ್ಬರಿಗೆ, ಮೂವರಿಗೆ, ನಾಲ್ವರಿಗೆ ಎಂದು ಬೇರೆಬೇರೆಯಾಗಿ ಹುಡುಕಿ ನೋಡಬೇಕು. ಮೂವರನ್ನು ಒಂದು ಬುಕಿಂಗಿನಲ್ಲಿ, ಒಬ್ಬರನ್ನು ಇನ್ನೊಂದರಲ್ಲಿ ಮಾಡಿದರೆ ಕೆಲವು ಸಾವಿರ ಉಳಿಯುವುದುಂಟು. ವಿಮಾನ ರದ್ದಾದಾಗ ಇಬ್ಭಾಗವಾಗುವ ಭಯವಿರುವುದರಿಂದ ಒಂಟಿ ಬುಕಿಂಗಿನಲ್ಲಿ ಅಜ್ಜಿಯನ್ನಾಗಲಿ ಮಗುವನ್ನಾಗಲಿ ಹಾಕಬಾರದು.

ದಿನಾಂಕವನ್ನು ಸಡಿಲಿಸುವುದೇ ದರ ಇಳಿಸುವ ದೊಡ್ಡ ಹತೋಟಿ. ಶಾಲೆಯ ಬೇಸಿಗೆ ರಜೆಯ ಕೊನೆಯ ವಾರಗಳು ಯುರೋಪಿನ ಪ್ರವಾಸಿ ಋತುವಿನೊಂದಿಗೆ ಕೂಡಿಕೊಳ್ಳುತ್ತವೆ. ಡಿಸೆಂಬರಿನಲ್ಲಿ ಊರಿಗೆ ಬಂದು ಹೋಗುವವರ ನೂಕುನುಗ್ಗಲು. ಏಪ್ರಿಲ್ ಎರಡನೆಯ ವಾರ, ಇಲ್ಲವೇ ಅಕ್ಟೋಬರಿನ ದಸರಾ ರಜೆ ನಮ್ಮ ಕುಟುಂಬಕ್ಕೆ ಹೊಂದುವ ಕಾಲ. ಗೂಗಲ್ ಫ್ಲೈಟ್ಸಿನ ತಿಂಗಳ ಪಟ್ಟಿಯಲ್ಲಿ ದಿನದಿನದ ದರವನ್ನು ನೋಡಿ, ಸ್ಕೈಸ್ಕ್ಯಾನರಿನಲ್ಲಿ ಹೋಲಿಸಿ, ದರ ಇಳಿದಾಗ ಮಿಂಚಂಚೆ ಬರುವಂತೆ ಇಟ್ಟುಕೊಳ್ಳಬಹುದು.

ಕೊಳ್ಳುವಾಗ ಮಾತ್ರ ವಿಮಾನಯಾನ ಸಂಸ್ಥೆಯ ಜಾಲತಾಣದಲ್ಲೇ ಕೊಳ್ಳುವುದು ನನ್ನ ಅಭ್ಯಾಸ. ಮಧ್ಯವರ್ತಿ ತಾಣದಲ್ಲಿ ಕೊಂಡ ಟಿಕೆಟ್ಟಿನ ಹೊತ್ತು ಬದಲಾದರೆ ಸಂಸ್ಥೆ ಮಧ್ಯವರ್ತಿಯನ್ನು ಕೇಳಿ ಎನ್ನುತ್ತದೆ, ಮಧ್ಯವರ್ತಿ ಸಂಸ್ಥೆಯತ್ತ ಬೆರಳು ತೋರಿಸುತ್ತಾನೆ. ಐನೂರು ರೂಪಾಯಿಯ ಉಳಿತಾಯಕ್ಕೆ ಇದು ಬೇಡ. ಬ್ಯಾಂಕಿನ ಕಾರ್ಡಿನ ರಿಯಾಯಿತಿ ಸೇರಿ ತಲೆಗೆ ನಾಲ್ಕೈದು ಸಾವಿರ ಉಳಿಯುವುದಾದರೆ ಯೋಚಿಸಬಹುದು. ಊರಿನ ಪರಿಚಯದ ಟ್ರಾವೆಲ್ ಏಜೆಂಟರಿಗೆ ಗುಂಪಿನ ದರ ಸಿಗುವುದುಂಟು, ಹತ್ತು ಹದಿನೈದು ಜನ ಬಂಧುಗಳು ಒಟ್ಟಾಗಿ ಹೊರಡುವುದಾದರೆ ಅವರನ್ನು ಕೇಳದೆ ಇರಬಾರದು.

ತೆರಿಗೆಯ ಎರಡು ಅಂಶಗಳೂ ಹೋಲಿಕೆಗೆ ಬೇಕು. ಎಕಾನಮಿ ಟಿಕೆಟ್ಟಿಗೆ 5 ಪ್ರತಿಶತ ಜಿಎಸ್‌ಟಿ ಇದ್ದರೆ, ಪ್ರೀಮಿಯಂ ಎಕಾನಮಿ ಮತ್ತು ಅದರ ಮೇಲಿನವಕ್ಕೆ 2025ರ ಸೆಪ್ಟೆಂಬರ್ 22ರಿಂದ 18 ಪ್ರತಿಶತ. ವಿದೇಶಿ ಪ್ರವಾಸದ ಪ್ಯಾಕೇಜು ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನು ಮುಂಗಡವಾಗಿ ವಸೂಲು ಮಾಡುತ್ತಾರೆ, ಅದರ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಬರೀ ವಿಮಾನದ ಟಿಕೆಟ್ ಕೊಂಡರೆ ಅದು ಪ್ಯಾಕೇಜು ಎನಿಸುವುದಿಲ್ಲ ಎಂದು 2023ರಲ್ಲೇ ಸರ್ಕಾರ ಸ್ಪಷ್ಟಪಡಿಸಿದೆ. ಸಂಸ್ಥೆಯ ವಿದೇಶಿ ತಾಣದಲ್ಲಿ ಯೂರೋ ಲೆಕ್ಕದಲ್ಲಿ ದರ ಕಡಿಮೆ ಕಂಡರೆ, ಅನೇಕ ಕ್ರೆಡಿಟ್ ಕಾರ್ಡುಗಳು ವಿದೇಶಿ ಹಣದ ಪಾವತಿಗೆ 3.5 ಪ್ರತಿಶತ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವೀಸಾ ಮೊದಲೋ, ಟಿಕೆಟ್ ಮೊದಲೋ

ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ವಯಸ್ಕರಿಗೆ 90 ಯೂರೋ ಶುಲ್ಕ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45; ವೀಸಾ ಸಿಗದಿದ್ದರೂ ಅದು ಮರಳುವುದಿಲ್ಲ. ಹಣ ಮರಳದ ಟಿಕೆಟ್ಟನ್ನು ವೀಸಾ ಕೈಸೇರುವ ಮೊದಲು ಕೊಳ್ಳಬೇಡಿ ಎಂದು ರಾಯಭಾರ ಕಚೇರಿಗಳೇ ಹೇಳುತ್ತವೆ, ಅವು ಕೇಳುವುದು ಟಿಕೆಟ್ಟಿನ ಕಾಯ್ದಿರಿಸುವಿಕೆಯನ್ನು. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕೆಂಬುದೇ ನಿಯಮವಾದ್ದರಿಂದ, ಅಗ್ಗವಾಗಿದ್ದರೆ ಬೇರೆ ಷೆಂಗೆನ್ ದೇಶದಲ್ಲಿ ಇಳಿಯಲು ಅಡ್ಡಿಯಿಲ್ಲ. ಲಂಡನ್ ಮಾತ್ರ ಈ ಲೆಕ್ಕದ ಹೊರಗೆ: ಬೆಂಗಳೂರು–ಲಂಡನ್–ರೋಮ್ ಟಿಕೆಟ್ ಎಷ್ಟೇ ಅಗ್ಗವಾಗಿ ಕಂಡರೂ, ಭಾರತದ ಪಾಸ್‌ಪೋರ್ಟಿನವರ ಕೈಯಲ್ಲಿ ಸಾಮಾನ್ಯ ಷೆಂಗೆನ್ ಪ್ರವಾಸಿ ವೀಸಾ ಮಾತ್ರ ಇದ್ದರೆ, ಅಲ್ಲಿ ವಿಮಾನ ಬದಲಿಸಲಿಕ್ಕೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನ ಚಾಲ್ತಿಯ ವೀಸಾ ಇರುವವರಿಗೆ ವಿನಾಯಿತಿ ಇರುವುದರಿಂದ, ಮನೆಯ ನಾಲ್ವರಲ್ಲಿ ಒಬ್ಬರಿಗೆ ಬೇಡವಾಗಿ ಮೂವರಿಗೆ ಬೇಕಾಗುವ ಸಂದರ್ಭವೂ ಬರುತ್ತದೆ. ಹಣ ಕಟ್ಟುವ ಮೊದಲು ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಬಿಡಿಬಿಡಿಯಾಗಿ ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬೇಕು.